ಗಾಳಿಯ ಲೆಕ್ಕ ಬರೆದ ಸ್ವಾಂಟೆ ಅರೇನಿಯಸ್

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಸ್ವಾಂಟೆ ಅರೇನಿಯಸ್ ಎಂಬ ಹೆಸರು ಅಪರಿಚಿತವಲ್ಲ. ಆಮ್ಲ ಮತ್ತು ಪ್ರತ್ಯಾಮ್ಲಗಳ ವ್ಯಾಖ್ಯೆಯಲ್ಲಿ ಒಮ್ಮೆ, ರಾಸಾಯನಿಕ ಕ್ರಿಯೆಯ ವೇಗಕ್ಕೂ ತಾಪಮಾನಕ್ಕೂ ಇರುವ ನಂಟನ್ನು ಹೇಳುವ ಸಮೀಕರಣದಲ್ಲಿ ಇನ್ನೊಮ್ಮೆ ಆ ಹೆಸರು ಎದುರಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಬಹುತೇಕರಿಗೆ ಮರೆತೂ ಹೋಗುತ್ತದೆ. ಆದರೆ ಇದೇ ಸ್ವೀಡನ್ ವಿಜ್ಞಾನಿ 1896ರಲ್ಲಿ ಪ್ರಕಟಿಸಿದ ಮತ್ತೊಂದು ಲೆಕ್ಕ ಪಠ್ಯಪುಸ್ತಕದ ಆಚೆಗೆ, ಇಂದು ವಿಶ್ವಸಂಸ್ಥೆಯ ಹವಾಮಾನ ಸಭೆಗಳವರೆಗೂ ಬಂದು ನಿಂತಿದೆ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ದುಪ್ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಕೊಡಲು ಯತ್ನಿಸಿದ ಮೊದಲಿಗರು ಅವರು.

ಆ ಉತ್ತರ ಬಂದಾಗ ಜಗತ್ತು ಬೆದರಲಿಲ್ಲ. ಉತ್ತರ ಕಂಡುಕೊಂಡವರೂ ಬೆದರಲಿಲ್ಲ, ಬದಲಿಗೆ ಸಂತೋಷಪಟ್ಟರು. ಒಂದು ಸತ್ಯವನ್ನು ಕಂಡ ವ್ಯಕ್ತಿ ಅದರ ಅರ್ಥವನ್ನು ಪೂರ್ತಿ ಕಾಣದೆ ಹೋದ ಈ ಕಥೆಗೆ ಇಂದಿನ ದಿನಗಳಲ್ಲಿ ವಿಶೇಷ ಮಹತ್ವವಿದೆ.

ಲೆಕ್ಕದ ಪುಸ್ತಕದ ಮುಂದೆ ಬೆಳೆದ ಬಾಲಕ

ಸ್ವಾಂಟೆ ಆಗಸ್ಟ್ ಅರೇನಿಯಸ್ ಜನಿಸಿದ್ದು 1859ರ ಫೆಬ್ರವರಿ 19ರಂದು, ಸ್ವೀಡನ್ನಿನ ಉಪ್ಸಾಲ ನಗರದ ಸಮೀಪದ ವೀಕ್ ಎಂಬಲ್ಲಿ. ತಂದೆ ಸ್ವಾಂಟೆ ಗುಸ್ತಾಫ್ ಭೂಮಾಪಕರು. ಉಪ್ಸಾಲ ವಿಶ್ವವಿದ್ಯಾಲಯದ ಜಮೀನುಗಳ ಮೇಲ್ವಿಚಾರಣೆಯೂ ಅವರ ಪಾಲಿಗೆ ಬಂದಿತ್ತು. ತಾಯಿ ಕರೋಲಿನಾ ಥುನ್‌ಬರ್ಗ್. ಮಗು ಹುಟ್ಟಿದ ಮರುವರ್ಷವೇ ಕುಟುಂಬ ಉಪ್ಸಾಲಕ್ಕೆ ಬಂದು ನೆಲೆಸಿತು.

ಮೂರನೆಯ ವಯಸ್ಸಿಗೇ ಓದಲು ಕಲಿತ ಈ ಬಾಲಕನಿಗೆ ತಂದೆಯ ಲೆಕ್ಕದ ಪುಸ್ತಕಗಳೇ ಮೊದಲ ಪಾಠಶಾಲೆ. ಅಲ್ಲಿನ ಅಂಕಿಗಳ ಸಾಲುಗಳನ್ನು ನೋಡುತ್ತಲೇ ಕೂಡುವುದನ್ನು ಕಲಿತನೆಂದು ಜೀವನಚರಿತ್ರೆಗಳು ದಾಖಲಿಸಿವೆ. ಅಂಕಿಗಳ ರಾಶಿಯನ್ನು ಕಂಡರೆ ಅದರೊಳಗೆ ಅಡಗಿರುವ ನಿಯಮವನ್ನು ಹುಡುಕುವ ಚಟ ಜೀವನದುದ್ದಕ್ಕೂ ಉಳಿಯಿತು. ಎಂಟನೆಯ ವಯಸ್ಸಿಗೆ ಕ್ಯಾಥೆಡ್ರಲ್ ಶಾಲೆಯ ಐದನೆಯ ತರಗತಿಗೆ ನೇರ ಪ್ರವೇಶ ದೊರೆಯಿತು. 1876ರಲ್ಲಿ ಶಾಲೆ ಮುಗಿಸಿದವರ ಪೈಕಿ ಅತಿ ಕಿರಿಯರೂ ಅತಿ ಪ್ರತಿಭಾವಂತರೂ ಅವರೇ ಆಗಿದ್ದರು.

ಮನೆಯ ಅಂಗಳದಂತಿದ್ದ ಉಪ್ಸಾಲ ವಿಶ್ವವಿದ್ಯಾಲಯವನ್ನೇ ಅವರು ಸೇರಿದರು. ಆದರೆ ಅಲ್ಲಿನ ಭೌತಶಾಸ್ತ್ರದ ಬೋಧನೆ ಅವರಿಗೆ ರುಚಿಸಲಿಲ್ಲ. ರಸಾಯನಶಾಸ್ತ್ರದ ಪ್ರಾಧ್ಯಾಪಕ ಪೆರ್ ತಿಯೊಡೋರ್ ಕ್ಲೆವೆ ಹೊಸ ಸಿದ್ಧಾಂತಗಳ ಬಗ್ಗೆ ಒಲವುಳ್ಳವರಾಗಿರಲಿಲ್ಲ. 1881ರಲ್ಲಿ ಅರೇನಿಯಸ್ ರಾಜಧಾನಿ ಸ್ಟಾಕ್‌ಹೋಮ್‌ಗೆ ತೆರಳಿ, ಸ್ವೀಡನ್ ವಿಜ್ಞಾನ ಅಕಾಡೆಮಿಯ ಭೌತಶಾಸ್ತ್ರಜ್ಞ ಎರಿಕ್ ಎಡ್ಲುಂಡ್ ಅವರ ಬಳಿ ಕೆಲಸಕ್ಕೆ ತೊಡಗಿದರು.

ಕೈತಪ್ಪುವುದರಲ್ಲಿದ್ದ ಭವಿಷ್ಯ

ಅಲ್ಲಿ ಅವರು ಎತ್ತಿಕೊಂಡ ಪ್ರಶ್ನೆ ನೋಡಲು ಸರಳ. ಶುದ್ಧ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯದು. ಒಣ ಉಪ್ಪಿನಲ್ಲೂ ಹರಿಯದು. ಆದರೆ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ಆ ದ್ರಾವಣ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಇದೇಕೆ? ನೀರಿನಲ್ಲಿ ಕರಗುತ್ತಿದ್ದಂತೆಯೇ ಉಪ್ಪಿನ ಅಣು ಧನ ಮತ್ತು ಋಣ ವಿದ್ಯುದಂಶ ಹೊತ್ತ ಚೂರುಗಳಾಗಿ ಒಡೆಯುತ್ತದೆ, ವಿದ್ಯುತ್ತನ್ನು ಸಾಗಿಸುವುದು ಆ ಚೂರುಗಳೇ ಎಂಬ ತೀರ್ಮಾನದತ್ತ ಅರೇನಿಯಸ್ ಹೆಜ್ಜೆ ಹಾಕಿದರು. ಇಂದು ಅವನ್ನು ಅಯಾನುಗಳೆಂದು ಶಾಲಾ ಮಕ್ಕಳೂ ಹೇಳಬಲ್ಲರು. ಆದರೆ ವಿದ್ಯುತ್ ಹರಿಸದೆಯೇ ಅಣು ತಾನಾಗಿ ಒಡೆಯುತ್ತದೆ ಎಂಬ ಮಾತು ಅಂದಿನ ಹಿರಿಯರಿಗೆ ಅಸಂಬದ್ಧವಾಗಿ ಕಂಡಿತು.

1884ರಲ್ಲಿ ಅವರು ಸಲ್ಲಿಸಿದ ಸುಮಾರು 150 ಪುಟಗಳ ಪ್ರೌಢಪ್ರಬಂಧಕ್ಕೆ ಉಪ್ಸಾಲ ವಿಶ್ವವಿದ್ಯಾಲಯ ಕೊಟ್ಟಿದ್ದು ನಾಲ್ಕನೆಯ ದರ್ಜೆ. ಮೌಖಿಕ ಸಮರ್ಥನೆಯ ಬಳಿಕ ಒಂದು ಮೆಟ್ಟಿಲು ಮೇಲೇರಿ ಮೂರನೆಯ ದರ್ಜೆ ದೊರಕಿತು. ಅಂತಹ ದರ್ಜೆ ಪಡೆದವರಿಗೆ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ ವೃತ್ತಿಯ ಬಾಗಿಲು ಮುಚ್ಚಿದಂತೆಯೇ. 25ರ ಹರೆಯದ ಯುವಕನ ಭವಿಷ್ಯ ಅಲ್ಲಿಗೇ ಮುಗಿದುಹೋಗುವ ಸಾಧ್ಯತೆಯಿತ್ತು.

ಅರೇನಿಯಸ್ ಕೈಕಟ್ಟಿ ಕೂರಲಿಲ್ಲ. ಪ್ರಬಂಧದ ಪ್ರತಿಗಳನ್ನು ಯೂರೋಪಿನ ಪ್ರಮುಖ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ರೀಗಾ ನಗರದಲ್ಲಿದ್ದ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅದರ ಮೌಲ್ಯವನ್ನು ಕೂಡಲೇ ಗುರುತಿಸಿದರು. ಅದೇ ವರ್ಷ ಅವರು ಸ್ವತಃ ಉಪ್ಸಾಲಕ್ಕೆ ಬಂದು, ತಮ್ಮಲ್ಲಿ ಕೆಲಸ ಮಾಡಲು ಅರೇನಿಯಸ್‌ಗೆ ಆಹ್ವಾನವಿತ್ತರು. ಹೊರನಾಡಿನ ಖ್ಯಾತ ವಿಜ್ಞಾನಿ ಹುಡುಕಿಕೊಂಡು ಬಂದ ಮೇಲೆ ಉಪ್ಸಾಲದವರ ಧೋರಣೆಯೂ ಸಡಿಲಗೊಂಡು, ಅಧ್ಯಾಪಕ ಹುದ್ದೆಯೊಂದು ದೊರೆಯಿತು. ತಂದೆ ಕಾಯಿಲೆಯಿಂದ ಮಲಗಿದ್ದ ಕಾರಣ ಅರೇನಿಯಸ್ ತಕ್ಷಣ ರೀಗಾಕ್ಕೆ ಹೋಗಲಿಲ್ಲ. 1885ರಲ್ಲಿ ತಂದೆ ತೀರಿಕೊಂಡರು. ಬಳಿಕ ಅಕಾಡೆಮಿಯ ಪ್ರವಾಸ ವೇತನದ ನೆರವಿನಿಂದ ರೀಗಾ, ವುರ್ಟ್ಸ್‌ಬುರ್ಗ್, ಗ್ರಾಟ್ಸ್, ಆಮ್‌ಸ್ಟರ್‌ಡಾಮ್‌ಗಳಲ್ಲಿ ಕಾಲ ಕಳೆದು, ಬೋಲ್ಟ್ಸ್‌ಮನ್, ವಾಂಟ್ ಹಾಫ್ ಮುಂತಾದ ದಿಗ್ಗಜರೊಡನೆ ಕೆಲಸ ಮಾಡಿದರು. 1887ರಲ್ಲಿ ಅಯಾನು ಸಿದ್ಧಾಂತ ಪೂರ್ಣ ರೂಪದಲ್ಲಿ ಪ್ರಕಟವಾಯಿತು. 1889ರಲ್ಲಿ ಅವರ ಹೆಸರಿನ ಪ್ರಸಿದ್ಧ ಸಮೀಕರಣಕ್ಕೆ ಕಾರಣವಾದ ಲೇಖನ ಹೊರಬಂತು.

1891ರಲ್ಲಿ ಸ್ಟಾಕ್‌ಹೋಮ್‌ನ ಹೊಸ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಅಧ್ಯಾಪಕರಾಗಿ ಸೇರಿದ ಅವರು 1895ರಲ್ಲಿ ಅಲ್ಲಿಯೇ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಆ ನೇಮಕಕ್ಕೂ ಸಾಕಷ್ಟು ವಿರೋಧವಿತ್ತು ಎಂಬುದು ಗಮನಾರ್ಹ.

ಹಿಮಯುಗದ ಒಗಟು

ಸ್ಟಾಕ್‌ಹೋಮ್‌ನಲ್ಲಿ ಭೌತಶಾಸ್ತ್ರ ಆಸಕ್ತರ ಕೂಟವೊಂದು ನಿಯಮಿತವಾಗಿ ಸೇರುತ್ತಿತ್ತು. ಅಲ್ಲಿ ಆಗಾಗ ಚರ್ಚೆಗೆ ಬರುತ್ತಿದ್ದ ವಿಷಯ ಹಿಮಯುಗ. ಒಂದು ಕಾಲಕ್ಕೆ ಸ್ವೀಡನ್ ಸೇರಿದಂತೆ ಉತ್ತರ ಯೂರೋಪ್ ದಪ್ಪನೆಯ ಮಂಜುಗಡ್ಡೆಯ ಅಡಿಯಲ್ಲಿ ಹುದುಗಿತ್ತು ಎಂಬುದು 19ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಭೂವಿಜ್ಞಾನಿಗಳಿಗೆ ಖಚಿತವಾಗಿತ್ತು. ಅಷ್ಟೊಂದು ಚಳಿ ಬಂದದ್ದೇಕೆ, ಮತ್ತೆ ಹೋದದ್ದೇಕೆ ಎಂಬುದಕ್ಕೆ ಮಾತ್ರ ಸರ್ವಸಮ್ಮತ ಉತ್ತರವಿರಲಿಲ್ಲ.

ಉತ್ತರದ ಎಳೆ ಗಾಳಿಯಲ್ಲಿದೆ ಎಂಬ ಅನುಮಾನ ಕೆಲವರಿಗಿತ್ತು. ಸೂರ್ಯನ ಬೆಳಕು ವಾತಾವರಣವನ್ನು ಹಾದು ನೆಲವನ್ನು ಮುಟ್ಟುತ್ತದೆ. ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಹೊರಸೂಸುತ್ತದೆ. ಈ ಶಾಖವನ್ನು ವಾತಾವರಣ ಭಾಗಶಃ ತಡೆಹಿಡಿಯುತ್ತದೆ ಎಂದು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ 1824ರಲ್ಲೇ ತರ್ಕಿಸಿದ್ದರು. ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ 1856ರಲ್ಲಿ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು, ಇಂಗಾಲದ ಡೈ ಆಕ್ಸೈಡ್ ತುಂಬಿದ ಕೊಳವೆ ಸಾಮಾನ್ಯ ಗಾಳಿಯ ಕೊಳವೆಗಿಂತ ಹೆಚ್ಚು ಕಾಯುವುದನ್ನು ತೋರಿಸಿದ್ದರು. ಅರೇನಿಯಸ್ ಹುಟ್ಟಿದ 1859ರಲ್ಲೇ ಲಂಡನ್ನಿನಲ್ಲಿ ಜಾನ್ ಟಿಂಡಾಲ್, ಗಾಳಿಯ ಶೇ 99ರಷ್ಟಿರುವ ಸಾರಜನಕ ಹಾಗೂ ಆಮ್ಲಜನಕಗಳು ಶಾಖಕಿರಣವನ್ನು ತಡೆಯುವುದಿಲ್ಲ, ಅಲ್ಪ ಪ್ರಮಾಣದ ನೀರಾವಿ ಮತ್ತು ಇಂಗಾಲದ ಡೈ ಆಕ್ಸೈಡ್ ತಡೆಯುತ್ತವೆ ಎಂಬುದನ್ನು ಪ್ರಯೋಗಗಳಿಂದ ಸಾಬೀತುಪಡಿಸತೊಡಗಿದರು. ಈ ಅನಿಲಗಳ ಹೊದಿಕೆಯಿಲ್ಲದಿದ್ದರೆ ಭೂಮಿಯ ಸರಾಸರಿ ತಾಪಮಾನ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತಿತ್ತು. ಹೊದಿಕೆಯ ದೆಸೆಯಿಂದ ಅದು 15 ಡಿಗ್ರಿಯ ಆಸುಪಾಸಿನಲ್ಲಿದೆ ಎಂಬುದು ಇಂದಿನ ಲೆಕ್ಕ. ಅಂದರೆ ನೆಲದ ಮೇಲೆ ನೀರು ನೀರಾಗಿಯೇ ಉಳಿದು ಜೀವ ಚಿಗುರಲು ಈ ಅನಿಲಗಳ ಉಪಕಾರವೂ ಇದೆ.

ಅರೇನಿಯಸ್‌ರ ಸಹೋದ್ಯೋಗಿ, ಭೂವಿಜ್ಞಾನಿ ಆರ್ವಿಡ್ ಹೋಗ್‌ಬೊಮ್ ಈ ಅನಿಲದ ಜಮಾ ಖರ್ಚನ್ನು ಬರೆಯಲು ತೊಡಗಿದ್ದರು. ಜ್ವಾಲಾಮುಖಿಗಳು ಅದನ್ನು ಗಾಳಿಗೆ ಉಗುಳುತ್ತವೆ. ಸಸ್ಯಗಳು ಅದನ್ನು ಹೀರಿ ಎಲೆ, ಕಾಂಡ, ಕಾಳುಗಳಾಗಿ ಮಾರ್ಪಡಿಸುತ್ತವೆ. ಪ್ರಾಣಿಗಳ ಉಸಿರು ಮತ್ತು ಕೊಳೆಯುವ ಜೀವರಾಶಿ ಅದನ್ನು ಮರಳಿಸುತ್ತವೆ. ಸಮುದ್ರ ಒಂದಿಷ್ಟನ್ನು ಕರಗಿಸಿಕೊಳ್ಳುತ್ತದೆ. ಶಿಲೆಗಳು ಸವೆಯುವಾಗ ಇನ್ನಷ್ಟು ಸೇರಿಕೊಂಡು ಸುಣ್ಣಕಲ್ಲಾಗಿ ತಳ ಸೇರುತ್ತದೆ. ಈ ವ್ಯವಹಾರದಲ್ಲಿ ಹೋಗ್‌ಬೊಮ್ ಮತ್ತೊಂದು ಬಾಬನ್ನೂ ಸೇರಿಸಿದರು. ಅದೇ ಕಾರ್ಖಾನೆಗಳಲ್ಲಿ ಉರಿಯುವ ಕಲ್ಲಿದ್ದಲು. ಆಗ ಜಗತ್ತು ವರ್ಷಕ್ಕೆ ಸುಮಾರು 50 ಕೋಟಿ ಟನ್ ಕಲ್ಲಿದ್ದಲನ್ನು ಹೊರತೆಗೆಯುತ್ತಿತ್ತು. ಅದೆಲ್ಲ ಉರಿದರೆ ಗಾಳಿಗೆ ಸೇರುವ ಅನಿಲ, ಆಗಲೇ ಗಾಳಿಯಲ್ಲಿದ್ದುದರ ಸಾವಿರದ ಒಂದು ಭಾಗದಷ್ಟು. ನೋಡಲು ಪುಟ್ಟ ಅಂಕಿ. ಆದರೆ ಶಿಲೆಗಳ ಸವೆತದಂತಹ ನಿಸರ್ಗದ ದೊಡ್ಡ ವ್ಯವಹಾರಕ್ಕೆ ಸಮನಾಗಿ ನಿಲ್ಲುವಷ್ಟಿತ್ತು.

ಕ್ರಿಸ್‌ಮಸ್ ಮುನ್ನಾದಿನ ಹಿಡಿದ ಪೆನ್ಸಿಲ್

1894ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಮುನ್ನಾದಿನ, ಅರೇನಿಯಸ್ ಲೆಕ್ಕಕ್ಕೆ ಕುಳಿತರು. ಅವರ ಮುಂದಿದ್ದ ಮೂಲ ಸಾಮಗ್ರಿ ಬಂದದ್ದು ಚಂದ್ರನಿಂದ. ಅಮೆರಿಕದ ಖಗೋಳ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ, ಚಂದ್ರನ ಶಾಖ ಭೂಮಿಯ ವಾತಾವರಣವನ್ನು ಹಾದು ಬರುವಾಗ ಎಷ್ಟು ಕುಗ್ಗುತ್ತದೆ ಎಂಬುದನ್ನು ಸೂಕ್ಷ್ಮ ಉಪಕರಣದಿಂದ ಅಳೆದಿದ್ದರು. ಚಂದ್ರ ನೆತ್ತಿಯ ಮೇಲಿದ್ದಾಗ ಕಿರಣ ಹಾದುಬರುವ ಗಾಳಿಯ ಪದರ ತೆಳು; ದಿಗಂತದ ಬಳಿ ಇದ್ದಾಗ ದಪ್ಪ. ಈ ವ್ಯತ್ಯಾಸದಿಂದ ನೀರಾವಿ ಎಷ್ಟು ಶಾಖ ಹೀರುತ್ತದೆ, ಇಂಗಾಲದ ಡೈ ಆಕ್ಸೈಡ್ ಎಷ್ಟು ಹೀರುತ್ತದೆ ಎಂಬುದನ್ನು ಅರೇನಿಯಸ್ ಬಿಡಿಸಿ ತೆಗೆದರು.

ನಂತರ ಭೂಮಿಯನ್ನು 10 ಡಿಗ್ರಿ ಅಕ್ಷಾಂಶದ ಪಟ್ಟಿಗಳಾಗಿ ವಿಂಗಡಿಸಿದರು. ಪ್ರತಿ ಪಟ್ಟಿಗೂ ನಾಲ್ಕು ಋತುಗಳು. ಪ್ರತಿ ಋತುವಿಗೂ ತಾಪಮಾನ, ಗಾಳಿಯ ತೇವ, ಮೋಡ, ನೆಲ ಮತ್ತು ಹಿಮದ ಪ್ರತಿಫಲನಗಳ ಲೆಕ್ಕ. ಇಂಗಾಲದ ಡೈ ಆಕ್ಸೈಡ್ ಮೂರನೆಯ ಒಂದು ಭಾಗ ಕಡಿಮೆಯಾದರೆ, ಒಂದೂವರೆ ಪಟ್ಟಾದರೆ, ಎರಡು, ಎರಡೂವರೆ, ಮೂರು ಪಟ್ಟಾದರೆ ಏನಾಗುತ್ತದೆ ಎಂದು ಪ್ರತಿಯೊಂದಕ್ಕೂ ಮರುಲೆಕ್ಕ. ಕಂಪ್ಯೂಟರ್ ಇರಲಿ, ಸಾಮಾನ್ಯ ಕ್ಯಾಲ್ಕುಲೇಟರ್ ಕೂಡ ಇಲ್ಲದ ಕಾಲವದು. ಒಂದು ವರ್ಷದ ಅವಧಿಯಲ್ಲಿ ಅವರು ಮಾಡಿದ ಲೆಕ್ಕಗಳ ಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗೆ ಇರಬಹುದೆಂದು ಇತಿಹಾಸಕಾರರ ಅಂದಾಜು.

ಇನ್ನೊಂದು ಮುಖ್ಯ ಅಂಶವನ್ನು ಅವರು ಬಿಡಲಿಲ್ಲ. ಗಾಳಿ ಬಿಸಿಯಾದಂತೆ ಅದು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರಾವಿಯೂ ಶಾಖವನ್ನು ಹೀರುವುದರಿಂದ ಬಿಸಿ ಮತ್ತಷ್ಟು ಏರುತ್ತದೆ. ಇಂಗಾಲದ ಡೈ ಆಕ್ಸೈಡ್ ಹಚ್ಚಿದ ಕಿಡಿಗೆ ನೀರಾವಿ ಗಾಳಿ ಹಾಕುತ್ತದೆ. ಇಂದಿನ ಹವಾಮಾನ ಮಾದರಿಗಳಲ್ಲಿಯೂ ಈ ಸರಪಳಿ ಪ್ರಧಾನ ಸ್ಥಾನ ಪಡೆದಿದೆ.

ಆ ವರ್ಷ ಮನೆಯೊಳಗೂ ಪ್ರಕ್ಷುಬ್ಧವಾಗಿತ್ತು. 1894ರಲ್ಲಿ ಅವರು ತಮ್ಮ ವಿದ್ಯಾರ್ಥಿನಿಯಾಗಿದ್ದ ಸೋಫಿಯಾ ರುಡ್‌ಬೆಕ್ ಅವರನ್ನು ವಿವಾಹವಾಗಿದ್ದರು. ವಿಜ್ಞಾನ ಪದವೀಧರೆಯಾಗಿದ್ದ ಸೋಫಿಯಾ ಸ್ವತಂತ್ರ ಮನೋಭಾವದವರು. ದಾಂಪತ್ಯ ಹೆಚ್ಚು ಕಾಲ ಬಾಳಲಿಲ್ಲ. 1895ರಲ್ಲಿ ಮಗ ಓಲೋಫ್ ಜನಿಸಿದ, 1896ರಲ್ಲಿ ವಿಚ್ಛೇದನವಾಯಿತು. ಮನೆ ಒಡೆಯುತ್ತಿದ್ದ ಹೊತ್ತಿನಲ್ಲಿ ಈ ವಿಜ್ಞಾನಿ ಮುಗಿಯದ ಅಂಕಿಗಳ ನಡುವೆ ಆಸರೆ ಹುಡುಕಿದರೇ ಎಂದು ಅವರ ಜೀವನವನ್ನು ಅಧ್ಯಯನ ಮಾಡಿದವರು ಯೋಚಿಸಿದ್ದುಂಟು.

1895ರ ಡಿಸೆಂಬರ್‌ನಲ್ಲಿ ಅವರು ವಿಜ್ಞಾನ ಅಕಾಡೆಮಿಯ ಮುಂದೆ ಫಲಿತಾಂಶವನ್ನು ಮಂಡಿಸಿದರು. 1896ರ ಏಪ್ರಿಲ್‌ನಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು. ಇಂಗಾಲದ ಡೈ ಆಕ್ಸೈಡ್ ದುಪ್ಪಟ್ಟಾದರೆ ಭೂಮಿಯ ತಾಪಮಾನ 5ರಿಂದ 6 ಡಿಗ್ರಿ ಸೆಲ್ಸಿಯಸ್ ಏರುತ್ತದೆ; ಅದು ಸುಮಾರು ಅರ್ಧದಷ್ಟು ಕುಗ್ಗಿದರೆ 4ರಿಂದ 5 ಡಿಗ್ರಿ ಇಳಿದು ಹಿಮಯುಗ ಮರಳಬಹುದು ಎಂಬುದು ಅದರ ಸಾರ. ಅನಿಲದ ಪ್ರಮಾಣ ಗುಣೋತ್ತರ ಶ್ರೇಢಿಯಲ್ಲಿ ಹೆಚ್ಚಿದರೆ ತಾಪಮಾನ ಸಮಾಂತರ ಶ್ರೇಢಿಯಲ್ಲಿ ಹೆಚ್ಚುತ್ತದೆ ಎಂಬ ನಿಯಮವನ್ನೂ ಅವರು ಕೊಟ್ಟರು. ಸಮಭಾಜಕ ವೃತ್ತಕ್ಕಿಂತ ಉತ್ತರದ ಪ್ರದೇಶಗಳು, ಸಮುದ್ರಕ್ಕಿಂತ ನೆಲ, ಹಗಲಿಗಿಂತ ರಾತ್ರಿ, ಬೇಸಿಗೆಗಿಂತ ಚಳಿಗಾಲ ಹೆಚ್ಚು ಬಿಸಿಯಾಗುತ್ತವೆ ಎಂದೂ ಅಂದಾಜಿಸಿದರು. ಶತಮಾನದ ನಂತರ ಉಪಕರಣಗಳು ದಾಖಲಿಸಿದ್ದು ಬಹುಪಾಲು ಇದನ್ನೇ.

ಅದೇ 1896ರ ಬೇಸಿಗೆಯಲ್ಲಿ ಬಲೂನಿನಲ್ಲಿ ಉತ್ತರ ಧ್ರುವ ತಲುಪಲು ಹೊರಟಿದ್ದ ಎಂಜಿನಿಯರ್ ಆಂದ್ರೆ ಅವರ ತಂಡದೊಂದಿಗೆ ಅರೇನಿಯಸ್ ಸ್ಪಿಟ್ಸ್‌ಬರ್ಗನ್ ದ್ವೀಪಕ್ಕೂ ಹೋಗಿಬಂದರು. ಸಮುದ್ರ ಜಲದ ಪರೀಕ್ಷೆ ಅವರ ಕೆಲಸವಾಗಿತ್ತು. ಅನುಕೂಲಕರ ಗಾಳಿ ಬೀಸದೆ ಆ ವರ್ಷದ ಯಾತ್ರೆ ರದ್ದಾಯಿತು. ಮರುವರ್ಷ ಮತ್ತೆ ಹೊರಟ ಆಂದ್ರೆ ಮತ್ತು ಇಬ್ಬರು ಸಂಗಡಿಗರು ಜೀವಂತ ಮರಳಲಿಲ್ಲ.

ಬಿಸಿಯನ್ನು ಸ್ವಾಗತಿಸಿದ ವಿಜ್ಞಾನಿ

ಕಲ್ಲಿದ್ದಲ ಹೊಗೆಯಿಂದ ಭೂಮಿ ಕಾಯುವುದು ಅರೇನಿಯಸ್‌ಗೆ ಅಪಾಯವಾಗಿ ತೋರಲೇ ಇಲ್ಲ. ಅಂದಿನ ದರದಲ್ಲಿ ಅನಿಲ ಗಣನೀಯವಾಗಿ ಏರಲು ಸಾವಿರಾರು ವರ್ಷ ಹಿಡಿಯುತ್ತದೆ ಎಂದು ಅವರು ಮೊದಲು ಭಾವಿಸಿದ್ದರು. ಗಾಳಿಗೆ ಸೇರಿದ್ದರ ಆರರಲ್ಲಿ ಐದು ಪಾಲನ್ನು ಸಮುದ್ರವೇ ನುಂಗುತ್ತದೆ ಎಂಬುದು ಅವರ ಎಣಿಕೆ. 1906ರಲ್ಲಿ ಸ್ವೀಡಿಷ್ ಭಾಷೆಯಲ್ಲಿ, 1908ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಜನಪ್ರಿಯ ಪುಸ್ತಕದಲ್ಲಿ ಈ ಎಣಿಕೆಯನ್ನು ಅವರೇ ತಿದ್ದಿಕೊಂಡರು. ಕಲ್ಲಿದ್ದಲ ಬಳಕೆ 1890ರಲ್ಲಿ 51 ಕೋಟಿ ಟನ್ ಇದ್ದದ್ದು 1904ರ ಹೊತ್ತಿಗೆ 90 ಕೋಟಿ ಟನ್ನಿಗೆ ಏರಿತ್ತು. ಹಾಗಾಗಿ ಬದಲಾವಣೆ ಕೆಲವೇ ಶತಮಾನಗಳಲ್ಲಿ ಕಾಣಬಹುದೆಂದು ಬರೆದರು. ದುಪ್ಪಟ್ಟಿಗೆ ಏರುವ ತಾಪವನ್ನು 4 ಡಿಗ್ರಿಗೆ ಇಳಿಸಿದರು.

ಇದನ್ನು ಬರೆದ ಅವರ ಧ್ವನಿಯಲ್ಲಿ ಆಶಾವಾದವಿತ್ತು. ಮುಂದಿನ ಪೀಳಿಗೆಗಳಿಗೆ ಹಿತಕರ ಹವೆ ಸಿಗುತ್ತದೆ, ಶೀತಪ್ರದೇಶಗಳಲ್ಲಿ ಫಸಲು ಹುಲುಸಾಗಿ ಬೆಳೆದು ಏರುವ ಜನಸಂಖ್ಯೆಗೆ ಅನ್ನ ದೊರೆಯುತ್ತದೆ, ಇನ್ನೊಂದು ಹಿಮಯುಗದ ಭಯ ತಪ್ಪುತ್ತದೆ ಎಂದು ಅವರು ನಂಬಿದ್ದರು. ದೀರ್ಘ ಚಳಿಗಾಲ ಮತ್ತು ಬರಗಾಲಗಳನ್ನು ಕಂಡ ನಾಡಿನಲ್ಲಿ ಬೆಳೆದವರಿಗೆ ಈ ಯೋಚನೆ ಸಹಜವೇ. 1860ರ ದಶಕದ ಕೊನೆಯಲ್ಲಿ ಸ್ವೀಡನ್ನಿನಲ್ಲಿ ತೀವ್ರ ಕ್ಷಾಮ ತಲೆದೋರಿದಾಗ ಅರೇನಿಯಸ್ ಶಾಲಾ ಬಾಲಕ. ಆದರೆ ಆಗಲೇ ಬಿಸಿಯಿಂದ ಬೇಯುತ್ತಿದ್ದ ನಾಡುಗಳಲ್ಲಿ, ಮಳೆಯನ್ನೇ ನಂಬಿದ ರೈತರಿಗೆ, ಕಡಲ ದಡದ ಊರುಗಳಿಗೆ ಏನಾದೀತು ಎಂಬ ಪ್ರಶ್ನೆ ಸ್ಟಾಕ್‌ಹೋಮ್‌ನ ಕಿಟಕಿಯಿಂದ ಕಾಣಿಸಲಿಲ್ಲ. ತಾಪಮಾನದ ಅಂಕಿ ಸಿಕ್ಕಿತ್ತು. ಆ ಅಂಕಿಯ ಭಾರ ಹೊರುವವರು ಯಾರು ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ.

ಅಷ್ಟರಲ್ಲಿ ಸಿದ್ಧಾಂತಕ್ಕೇ ಪೆಟ್ಟು ಬಿತ್ತು. ಉಪ್ಸಾಲದ ಕ್ನೂಟ್ ಓಂಗ್‌ಸ್ಟ್ರಮ್ 1900ರಲ್ಲಿ ಕೊಳವೆಯೊಂದರಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿಸಿ ಶಾಖ ಹಾಯಿಸಿದ ಪ್ರಯೋಗವನ್ನು ಮುಂದಿಟ್ಟರು. ಅನಿಲದ ಪ್ರಮಾಣವನ್ನು ಬದಲಿಸಿದರೂ ಹೀರಿಕೆಯಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲ. ಹೀರಬೇಕಾದುದನ್ನು ಈ ಅನಿಲ ಈಗಾಗಲೇ ಹೀರಿ ಮುಗಿಸಿದೆ, ಉಳಿದದ್ದನ್ನು ನೀರಾವಿ ನೋಡಿಕೊಳ್ಳುತ್ತದೆ, ಇನ್ನಷ್ಟು ಸೇರಿದರೂ ಪರಿಣಾಮವಿಲ್ಲ ಎಂಬ ತೀರ್ಮಾನಕ್ಕೆ ಅನೇಕರು ಬಂದರು. ಅರೇನಿಯಸ್ 1901ರಲ್ಲಿ ಉತ್ತರ ಕೊಟ್ಟರೂ ವಿಜ್ಞಾನ ವಲಯದ ಒಲವು ವಿರೋಧಿಗಳ ಕಡೆಗೇ ವಾಲಿತು. ಶಾಖ ಅಂತಿಮವಾಗಿ ಬಾಹ್ಯಾಕಾಶಕ್ಕೆ ತಪ್ಪಿಸಿಕೊಳ್ಳುವುದು ಎತ್ತರದ, ತೆಳುವಾದ, ಒಣ ಪದರಗಳಿಂದ. ಅಲ್ಲಿ ಅನಿಲ ಹೆಚ್ಚಿದರೆ ಶಾಖ ಹೊರಹೋಗುವ ತಾಣ ಇನ್ನೂ ಎತ್ತರದ ತಣ್ಣನೆಯ ಭಾಗಕ್ಕೆ ಸರಿದು, ಕೆಳಗಿನ ನೆಲ ಕಾಯುತ್ತದೆ. ಈ ಅಂಶ ಸ್ಪಷ್ಟವಾಗಲು ಎರಡನೆಯ ಮಹಾಯುದ್ಧದ ನಂತರದ ಅಳತೆಗಳು ಮತ್ತು ಕಂಪ್ಯೂಟರ್‌ಗಳು ಬರಬೇಕಾಯಿತು.

ನೊಬೆಲ್ ಮತ್ತು ನೆರಳು

1903ರಲ್ಲಿ ಅರೇನಿಯಸ್‌ಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಸ್ವೀಡನ್ ಪ್ರಜೆ ಅವರು. ಪ್ರಶಸ್ತಿ ಬಂದದ್ದು ಅಯಾನು ಸಿದ್ಧಾಂತಕ್ಕೆ. ಹವಾಮಾನದ ಲೆಕ್ಕಕ್ಕೆ ಅಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ಮೂರನೆಯ ದರ್ಜೆ ಪಡೆದ ಪ್ರಬಂಧವೇ ಅದರ ಬುನಾದಿ. ಅಂದು ಅವರ ವಿಚಾರದ ಬಗ್ಗೆ ನಿರಾಸಕ್ತಿ ತೋರಿದ್ದ ಪ್ರಾಧ್ಯಾಪಕ ಕ್ಲೆವೆ ಅವರೇ ಈಗ ರಸಾಯನಶಾಸ್ತ್ರ ನೊಬೆಲ್ ಸಮಿತಿಯ ಅಧ್ಯಕ್ಷರಾಗಿದ್ದರು. 1905ರಲ್ಲಿ ಬರ್ಲಿನ್‌ನಿಂದ ಬಂದ ಆಹ್ವಾನವನ್ನು ಅವರು ನಿರಾಕರಿಸಿದಾಗ, ಅಕಾಡೆಮಿಯು ಭೌತ ರಸಾಯನಶಾಸ್ತ್ರದ ನೊಬೆಲ್ ಸಂಸ್ಥೆಯನ್ನೇ ಸ್ಥಾಪಿಸಿ ಅದರ ನಿರ್ದೇಶಕರನ್ನಾಗಿ ನೇಮಿಸಿತು. ಅದೇ ವರ್ಷ ಮರಿಯಾ ಜೊಹಾನ್ಸನ್ ಅವರೊಂದಿಗೆ ಎರಡನೆಯ ವಿವಾಹವಾಯಿತು. ಈ ದಾಂಪತ್ಯದಲ್ಲಿ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು.

ಆಸಕ್ತಿಗಳಿಗೆ ಮಿತಿಯೇ ಇರಲಿಲ್ಲ. ವಿಷ ಮತ್ತು ಪ್ರತಿವಿಷಗಳ ವರ್ತನೆಗೆ ರಸಾಯನಶಾಸ್ತ್ರದ ನಿಯಮಗಳನ್ನು ಅನ್ವಯಿಸಿದರು. ಜೀವದ ಬೀಜಾಣುಗಳು ಬೆಳಕಿನ ಒತ್ತಡದಿಂದ ಗ್ರಹದಿಂದ ಗ್ರಹಕ್ಕೆ ತೇಲಿ ಹೋಗಬಲ್ಲವು ಎಂದು ವಾದಿಸಿದರು. ಧೂಮಕೇತು, ಧ್ರುವಪ್ರಭೆಗಳ ಬಗೆಗೂ ಬರೆದರು. ಸಾಮಾನ್ಯ ಓದುಗರಿಗಾಗಿ ಅವರು ಬರೆದ ಪುಸ್ತಕಗಳು ಹಲವು ಭಾಷೆಗಳಿಗೆ ಅನುವಾದಗೊಂಡವು.

ಆದಾಗ್ಯೂ ಈ ಬದುಕಿಗೆ ಕಪ್ಪು ಪುಟಗಳೂ ಇವೆ. ನೊಬೆಲ್ ಪ್ರಶಸ್ತಿಗಳ ಆರಂಭದಿಂದ ಸಾಯುವತನಕ ಭೌತಶಾಸ್ತ್ರ ಸಮಿತಿಯಲ್ಲಿದ್ದ ಅವರು ತಮ್ಮ ಪ್ರಭಾವವನ್ನು ಸ್ನೇಹಿತರ ಪರವಾಗಿ, ಪ್ರತಿಸ್ಪರ್ಧಿಗಳ ವಿರುದ್ಧವಾಗಿ ಬಳಸಿದರು ಎಂಬ ಆರೋಪವನ್ನು ನೊಬೆಲ್ ದಾಖಲೆಗಳ ಅಧ್ಯಯನಕಾರರು ಮಾಡಿದ್ದಾರೆ. 1906ರಲ್ಲಿ ಆವರ್ತ ಕೋಷ್ಟಕದ ಜನಕ ಮೆಂಡಲೀವ್‌ಗೆ ಪ್ರಶಸ್ತಿ ಕೈತಪ್ಪುವುದರಲ್ಲಿ ಅವರ ಪಾತ್ರವಿತ್ತು ಎನ್ನಲಾಗಿದೆ. ಅಯಾನು ಸಿದ್ಧಾಂತವನ್ನು ಮೆಂಡಲೀವ್ ಟೀಕಿಸಿದ್ದರು; ಮರುವರ್ಷ ಅವರು ಪ್ರಶಸ್ತಿಯಿಲ್ಲದೆಯೇ ನಿಧನರಾದರು. ಒಂದು ಕಾಲದ ಗೆಳೆಯ ವಾಲ್ಟರ್ ನೆರ್ನ್‌ಸ್ಟ್ 1920ರ ಪ್ರಶಸ್ತಿಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಅರೇನಿಯಸ್ ಜನಾಂಗ ಶುದ್ಧಿಯ ಹೆಸರಿನ ಸಂಘದ ಮಂಡಳಿಯಲ್ಲೂ, 1922ರಲ್ಲಿ ಉಪ್ಸಾಲದಲ್ಲಿ ಸ್ಥಾಪನೆಯಾದ ಸರ್ಕಾರಿ ಜನಾಂಗ ಜೀವಶಾಸ್ತ್ರ ಸಂಸ್ಥೆಯ ಮಂಡಳಿಯಲ್ಲೂ ಸದಸ್ಯರಾಗಿದ್ದರು. ಆ ಚಿಂತನೆಯ ನೆರಳಿನಲ್ಲಿಯೇ 1934ರಲ್ಲಿ ಸ್ವೀಡನ್ ಸಂತಾನಹರಣ ಕಾನೂನನ್ನು ತಂದಿತು. ಅದನ್ನು ನೋಡಲು ಅರೇನಿಯಸ್ ಬದುಕಿರಲಿಲ್ಲ. ಆದರೆ ವಿಜ್ಞಾನದ ಘನತೆಯನ್ನು ಆ ಚಿಂತನೆಗೆ ಕಡ ಕೊಟ್ಟವರಲ್ಲಿ ಅವರೂ ಒಬ್ಬರೆಂಬುದನ್ನು ಮರೆಮಾಚುವಂತಿಲ್ಲ.

1927ರ ಅಕ್ಟೋಬರ್ 2ರಂದು, 68ನೆಯ ವಯಸ್ಸಿನಲ್ಲಿ ಅವರು ಸ್ಟಾಕ್‌ಹೋಮ್‌ನಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿ ಇರುವುದು ಉಪ್ಸಾಲದಲ್ಲಿ.

ಮರಳಿ ಬಂದ ಲೆಕ್ಕ

ಅವರ ಹವಾಮಾನದ ಲೆಕ್ಕ ಮೂಲೆ ಸೇರಿತ್ತು. 1938ರಲ್ಲಿ ಗೈ ಕ್ಯಾಲೆಂಡರ್ ಎಂಬ ಬ್ರಿಟಿಷ್ ಎಂಜಿನಿಯರ್ ಜಗತ್ತಿನ 147 ಹವಾಮಾನ ಕೇಂದ್ರಗಳ ದಾಖಲೆ ಜೋಡಿಸಿ, ಭೂಮಿ ಕಾಯುತ್ತಿದೆ, ಇಂಗಾಲದ ಡೈ ಆಕ್ಸೈಡ್ ಕೂಡ ಏರುತ್ತಿದೆ ಎಂದು ಸಾರಿದರು. ಹೆಚ್ಚಿನವರು ನಂಬಲಿಲ್ಲ. 1958ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಚಾರ್ಲ್ಸ್ ಕೀಲಿಂಗ್, ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ನಿರಂತರ ಅಳತೆ ಆರಂಭಿಸಿದರು. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 315 ಭಾಗವಿತ್ತು. ಕೈಗಾರಿಕಾ ಯುಗಕ್ಕೆ ಮುನ್ನ ಇದ್ದದ್ದು 280. 2024ರ ಸರಾಸರಿ 424ನ್ನು ದಾಟಿದೆ. ಅರೇನಿಯಸ್‌ರ ಸ್ವಂತ ಮೊಮ್ಮಗ, ಓಲೋಫ್‌ರ ಪುತ್ರ ಗುಸ್ತಾಫ್ ಅರೇನಿಯಸ್ ಕೂಡ ಸಾಗರವಿಜ್ಞಾನಿಯಾಗಿ ಅದೇ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು 2019ರಲ್ಲಿ ನಿಧನರಾದರು.

ಅರೇನಿಯಸ್ ಊಹಿಸಿದ ವೇಗ ಮಾತ್ರ ಸಂಪೂರ್ಣ ಸುಳ್ಳಾಯಿತು. ವರ್ಷಕ್ಕೆ 50 ಕೋಟಿ ಟನ್ ಇದ್ದ ಕಲ್ಲಿದ್ದಲ ಬಳಕೆ ಇಂದು 800 ಕೋಟಿ ಟನ್ನನ್ನು ಮೀರಿದೆ. ತೈಲ ಮತ್ತು ಅನಿಲ ಅದರ ಜತೆಗೂಡಿವೆ. ಮನುಷ್ಯ ಹೊರಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಆರನೆಯ ಒಂದು ಪಾಲಷ್ಟೇ ಅಲ್ಲ, ಅರ್ಧಕ್ಕೆ ಸಮೀಪದಷ್ಟು ಗಾಳಿಯಲ್ಲೇ ಉಳಿಯುತ್ತಿದೆ. ಮೂರು ಸಾವಿರ ವರ್ಷ ಬೇಕೆಂದು ಅವರು ಎಣಿಸಿದ್ದ ಶೇ 50ರ ಏರಿಕೆ ಈಗಾಗಲೇ ಆಗಿಹೋಗಿದೆ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರಲ್ಲಿ ಭೂಮಿಯ ಸರಾಸರಿ ತಾಪಮಾನ ಕೈಗಾರಿಕಾ ಪೂರ್ವ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು.

ಹಿಮಯುಗದ ಒಗಟಿಗೂ ಅವರ ಉತ್ತರ ಅರ್ಧ ಸರಿಯಾಗಿತ್ತು. ಭೂಮಿಯ ಕಕ್ಷೆ ಮತ್ತು ಓಲುವಿಕೆಯ ನಿಧಾನ ಬದಲಾವಣೆಗಳು ಹಿಮಯುಗಕ್ಕೆ ಚಾಲನೆ ಕೊಡುತ್ತವೆ, ಇಂಗಾಲದ ಡೈ ಆಕ್ಸೈಡಿನ ಏರಿಳಿತ ಅದನ್ನು ತೀವ್ರಗೊಳಿಸುತ್ತದೆ ಎಂಬುದು ಇಂದಿನ ತಿಳಿವಳಿಕೆ. ಅಂಟಾರ್ಕ್ಟಿಕದ ಮಂಜುಗಡ್ಡೆಯಲ್ಲಿ ಸಿಲುಕಿದ ಪ್ರಾಚೀನ ಗಾಳಿಯ ಗುಳ್ಳೆಗಳು ಇದಕ್ಕೆ ಸಾಕ್ಷಿ ನುಡಿದಿವೆ.

ದುಪ್ಪಟ್ಟಿಗೆ ಎಷ್ಟು ಡಿಗ್ರಿ ಎಂಬ ಮೂಲ ಪ್ರಶ್ನೆಗೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರ ವರದಿಯಲ್ಲಿ ಕೊಟ್ಟ ಉತ್ತರ 3 ಡಿಗ್ರಿ, 2.5ರಿಂದ 4ರವರೆಗೆ ಇರುವ ಸಾಧ್ಯತೆ ಹೆಚ್ಚು. ಸೂಪರ್ ಕಂಪ್ಯೂಟರ್‌ಗಳು, ಉಪಗ್ರಹಗಳು, ಸಾವಿರಾರು ವಿಜ್ಞಾನಿಗಳು ಸೇರಿ ತಲುಪಿದ ಈ ಅಂಕಿ, ಒಬ್ಬಂಟಿಯಾಗಿ ಕಾಗದ ಮತ್ತು ಪೆನ್ಸಿಲ್ ಹಿಡಿದು ಕುಳಿತವರ ಮೊದಲ ಅಂಕಿಗಿಂತ ಕಡಿಮೆಯಿದ್ದರೂ, ಅವರ ಎರಡನೆಯ ಅಂಕಿಗೆ ಬಹಳ ದೂರವಿಲ್ಲ. ಅದೇ 2021ರಲ್ಲಿ ಭೂಮಿಯ ಹವಾಮಾನವನ್ನು ಕಂಪ್ಯೂಟರ್ ಮಾದರಿಗೆ ಇಳಿಸಿದ ಸುಕುರೊ ಮನಾಬೆ ಮತ್ತು ಕ್ಲೌಸ್ ಹಾಸೆಲ್‌ಮನ್ ಅವರಿಗೆ ಭೌತಶಾಸ್ತ್ರದ ನೊಬೆಲ್ ದೊರಕಿತು. ಅರೇನಿಯಸ್ 1896ರಲ್ಲಿ ತೆರೆದ ಖಾತೆಗೆ ನೊಬೆಲ್ ಮನ್ನಣೆ ಬರಲು 125 ವರ್ಷಗಳೇ ಬೇಕಾದವು. ಆ ಖಾತೆ ಇನ್ನೂ ಮುಗಿದಿಲ್ಲ. ಅದರಲ್ಲಿ ಮುಂದಿನ ಸಾಲುಗಳು ಹೇಗಿರಬೇಕೆಂಬುದು ಕಲ್ಲಿದ್ದಲು, ತೈಲ, ಅನಿಲಗಳನ್ನು ಉರಿಸುತ್ತಿರುವ ಇಂದಿನ ಪೀಳಿಗೆಯ ಕೈಯಲ್ಲಿದೆ.